ಊಹೆಯಿಂದ ಅಳತೆಗೆ: ಭೂದೃಶ್ಯ ಛಾಯಾಗ್ರಹಣ ಬೆಳೆದ ಬಗೆ

ಬೆಟ್ಟ, ಕಣಿವೆ, ಮೋಡ, ಜಲಪಾತಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿಯುವ ಹವ್ಯಾಸ ಅನೇಕರಿಗಿದೆ. ಆದರೆ ಕಣ್ಣಿಗೆ ಸೊಗಸಾಗಿ ಕಂಡ ನೋಟ ಚಿತ್ರದಲ್ಲಿ ಪೇಲವವಾಗಿಬಿಡುವುದುಂಟು. ಆಕಾಶ ಬಿಳಿಚಿಕೊಂಡಿರುತ್ತದೆ, ಇಲ್ಲವೇ ನೆಲ ಕಪ್ಪಾಗಿರುತ್ತದೆ. ನುರಿತ ಛಾಯಾಗ್ರಾಹಕರ ಚಿತ್ರಗಳಲ್ಲಿ ಹೀಗಾಗುವುದು ವಿರಳ. ಇದಕ್ಕೆ ದುಬಾರಿ ಕ್ಯಾಮೆರಾ ಮಾತ್ರ ಕಾರಣವೇ? ಛಾಯಾಗ್ರಹಣದ ಇತಿಹಾಸ ಬೇರೆಯೇ ಉತ್ತರ ಕೊಡುತ್ತದೆ. ಬೆಳಕನ್ನು ಊಹಿಸುವುದನ್ನು ಬಿಟ್ಟು ಅಳೆಯಲು ಕಲಿತಾಗ ಹವ್ಯಾಸಿ ವೃತ್ತಿಪರನಾಗುತ್ತಾನೆ.

ಬಿಳಿಚಿದ ಆಕಾಶ

1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಫಲಕದ ಮೇಲಿನ ಬೆಳ್ಳಿಯ ಲವಣಗಳು ನೀಲಿ ಹಾಗೂ ಅತಿನೇರಿಳೆ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿದ್ದವು. ಹಸಿರು ನೆಲ ಮೂಡುವಷ್ಟರಲ್ಲಿ ನೀಲಿ ಆಕಾಶ ಬೆಳಕಿನ ಅತಿರೇಕದಿಂದ ಖಾಲಿ ಬಿಳುಪಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಸಮುದ್ರಕ್ಕೊಂದು, ಮೋಡಕ್ಕೊಂದು ನೆಗೆಟಿವ್ ತೆಗೆದು, ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿ ಈ ತೊಡಕನ್ನು ನಿವಾರಿಸಿದರು.

ನಿಜವಾದ ಪರಿಹಾರ ರಸಾಯನ ವಿಜ್ಞಾನದಿಂದ ಬಂತು. ಬೆಳ್ಳಿಯ ಲವಣಕ್ಕೆ ಸೂಕ್ತ ವರ್ಣದ್ರವ್ಯ ಸೇರಿಸಿದರೆ ಅದು ಹಸಿರು ಬೆಳಕಿಗೂ ಸ್ಪಂದಿಸುವುದೆಂದು 1873ರಲ್ಲಿ ಜರ್ಮನಿಯ ಹರ್ಮನ್ ವೋಗೆಲ್ ಕಂಡುಕೊಂಡರು. 1906ರ ಹೊತ್ತಿಗೆ ಕೆಂಪೂ ಸೇರಿದಂತೆ ಎಲ್ಲ ಬಣ್ಣಗಳಿಗೆ ಸ್ಪಂದಿಸುವ ಫಲಕಗಳು ಇಂಗ್ಲೆಂಡಿನ ಮಾರುಕಟ್ಟೆಗೆ ಬಂದವು. ಈ ನಡುವೆ, 1890ರಲ್ಲಿ, ಫರ್ಡಿನಾಂಡ್ ಹರ್ಟರ್ ಮತ್ತು ವೆರೋ ಡ್ರಿಫೀಲ್ಡ್ ಎಂಬಿಬ್ಬರು ಫಲಕದ ಮೇಲೆ ಬಿದ್ದ ಬೆಳಕಿಗೂ ಅದರಿಂದ ಮೂಡುವ ಕಪ್ಪಿಗೂ ಇರುವ ಸಂಬಂಧವನ್ನು ಅಳೆದು ರೇಖಾನಕ್ಷೆಯಲ್ಲಿ ತೋರಿಸಿದರು. ಹರ್ಟರ್ ರಸಾಯನ ವಿಜ್ಞಾನಿ, ಡ್ರಿಫೀಲ್ಡ್ ಎಂಜಿನಿಯರ್. ಛಾಯಾಗ್ರಹಣ ಅವರ ವೃತ್ತಿಯಾಗಿರಲಿಲ್ಲ!

ಕೆಂಪು ಫಿಲ್ಟರ್

ಈ ಜ್ಞಾನವನ್ನು ಭೂದೃಶ್ಯಕ್ಕೆ ಅಳವಡಿಸಿದವರಲ್ಲಿ ಅಮೆರಿಕದ ಆನ್ಸೆಲ್ ಆಡಮ್ಸ್ (1902–1984) ಪ್ರಮುಖರು. ಅವರು 1916ರಲ್ಲಿ ಕುಟುಂಬದೊಡನೆ ಯೊಸೆಮಿಟಿ ಕಣಿವೆಗೆ ಹೋದಾಗ ತಂದೆತಾಯಿ ಒಂದು ಸರಳ ಕೊಡಾಕ್ ಡಬ್ಬಿ ಕ್ಯಾಮೆರಾ ಕೊಟ್ಟರು. ಆಗ ಅವರ ಒಲವು ಪಿಯಾನೋ ಕಡೆಗಿತ್ತು. ಕ್ಯಾಮೆರಾ ಬರಿಯ ಹವ್ಯಾಸ.

1927ರ ಏಪ್ರಿಲ್ 10ರಂದು ಅವರು ಹಾಫ್ ಡೋಮ್ ಎಂಬ ಭಾರಿ ಬಂಡೆಯೆದುರು ನಿಂತಾಗ ಉಳಿದಿದ್ದುದು ಎರಡೇ ಗಾಜಿನ ಫಲಕ. ಮೊದಲನೆಯದನ್ನು ಹಳದಿ ಫಿಲ್ಟರ್ ಮೂಲಕ ತೆಗೆದರು. ಅದರಲ್ಲಿ ತಮ್ಮ ಮನಸ್ಸಿನಲ್ಲಿದ್ದ ಗಂಭೀರ ನೋಟ ಬರಲಾರದೆಂದು ಆಗಲೇ ಅನ್ನಿಸಿ, ಎರಡನೆಯದಕ್ಕೆ ಗಾಢ ಕೆಂಪು ಫಿಲ್ಟರ್ ಬಳಸಿದರು. ಕೆಂಪು ಫಿಲ್ಟರ್ ನೀಲಿ ಬೆಳಕನ್ನು ತಡೆಯುವುದರಿಂದ ಆಕಾಶ ಕಪ್ಪಾಯಿತು. ಬಿಸಿಲು ಬಿದ್ದ ಬಂಡೆ ಮತ್ತು ಹಿಮ ಅದರೆದುರು ಎದ್ದು ಕಂಡವು. ಗುಂಡಿ ಒತ್ತುವ ಮೊದಲೇ ಅಂತಿಮ ಚಿತ್ರವನ್ನು ಮನಸ್ಸಿನಲ್ಲಿ ಕಾಣುವುದು ಅಂದಿನಿಂದ ಅವರ ಕ್ರಮವಾಯಿತು.

ಬೆಳಕಿನ ಮೆಟ್ಟಿಲುಗಳು

1940ರ ಸುಮಾರಿಗೆ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಲಾಸ್ ಏಂಜಲೀಸ್‌ನ ಕಲಾಶಾಲೆಯೊಂದರಲ್ಲಿ ವಿದ್ಯಾರ್ಥಿಗಳಿಗಾಗಿ ‘ವಲಯ ಪದ್ಧತಿ’ಯನ್ನು ರೂಪಿಸಿದರು. ಈಗ ಬಳಕೆಯಲ್ಲಿರುವ ರೂಪದಲ್ಲಿ ಅಚ್ಚ ಕಪ್ಪು 0, ಅಚ್ಚ ಬಿಳಿ 10. ಒಂದು ವಲಯ ಮೇಲೇರಿದರೆ ಬೆಳಕು ಇಮ್ಮಡಿ. ನಡುವಿನ 5ನೆಯ ವಲಯ ಮಧ್ಯಮ ಬೂದು. ಬೆಳಕುಮಾಪಕಕ್ಕೆ ತಾನು ನೋಡುತ್ತಿರುವುದು ಹಿಮವೋ ಇದ್ದಿಲೋ ತಿಳಿಯದು. ಯಾವುದನ್ನು ತೋರಿಸಿದರೂ ಅದನ್ನು ಮಧ್ಯಮ ಬೂದಾಗಿಸುವ ಅಳತೆಯನ್ನೇ ಅದು ಕೊಡುತ್ತದೆ. ಯಾವ ವಸ್ತು ಯಾವ ವಲಯದಲ್ಲಿ ಬರಬೇಕೆಂದು ನಿರ್ಧರಿಸುವುದು ಛಾಯಾಗ್ರಾಹಕನ ಕೆಲಸ.

ಮಾಪಕವಿಲ್ಲದ ಸಂಜೆ

1941ರಲ್ಲಿ ಒಂದು ಸಂಜೆ, ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಬಳಿ ಆಡಮ್ಸ್ ಕಾರು ನಿಲ್ಲಿಸಿದರು. ಮೇಲೆ ಚಂದ್ರ, ಕೆಳಗೆ ಇಳಿಬಿಸಿಲಿನಲ್ಲಿ ಹೊಳೆಯುವ ಶಿಲುಬೆಗಳು. ಬೆಳಕುಮಾಪಕ ಕೈಗೆ ಸಿಗಲಿಲ್ಲ. ಆದರೆ ಚಂದ್ರನ ಪ್ರಕಾಶ ಚದರ ಅಡಿಗೆ ಸುಮಾರು 250 ಕ್ಯಾಂಡಲ್ ಎಂಬುದು ಅವರಿಗೆ ನೆನಪಿತ್ತು. ಫಿಲ್ಮಿನ ವೇಗ 64. ಅದರ ವರ್ಗಮೂಲ 8. ಅಂದರೆ ಎಫ್/8 ರಂಧ್ರದಲ್ಲಿ 1/250 ಸೆಕೆಂಡು ಕೊಟ್ಟರೆ ಚಂದ್ರ ಮಧ್ಯಮ ಬೂದಾಗುತ್ತದೆ. ಅದನ್ನು ಬೆಳಗುವ 7ನೆಯ ವಲಯಕ್ಕೆ ಏರಿಸಲು ನಾಲ್ಕು ಪಟ್ಟು, ಅಂದರೆ ಸುಮಾರು 1/60 ಸೆಕೆಂಡು ಬೇಕು. ಹಳದಿ ಫಿಲ್ಟರ್‌ಗಾಗಿ ಮೂರು ಪಟ್ಟು ಸೇರಿಸಿದರೆ 1/20. ರಂಧ್ರವನ್ನು ಎಫ್/32ಕ್ಕೆ ಕಿರಿದಾಗಿಸಿದಾಗ 16 ಪಟ್ಟು ಹೆಚ್ಚಿ, ಒಟ್ಟು ಸುಮಾರು 1 ಸೆಕೆಂಡು. ಹಾಗೆಯೇ ತೆಗೆದರು. ಮತ್ತೊಂದು ಚಿತ್ರಕ್ಕೆ ಅಣಿಯಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ಆ ಒಂದೇ ನೆಗೆಟಿವ್‌ನಿಂದ ಮೂಡಿದ ‘ಮೂನ್‌ರೈಸ್’ ಜಗತ್ಪ್ರಸಿದ್ಧವಾಯಿತು.

ಆಡಮ್ಸ್ ಲೆಕ್ಕದಲ್ಲಿ ನಿಖರ, ದಿನಾಂಕ ಬರೆದಿಡುವುದರಲ್ಲಿ ಅಲ್ಲ. ಚಿತ್ರ ತೆಗೆದ ಗಳಿಗೆಯನ್ನು ಕೊನೆಗೆ ಚಂದ್ರನ ಸ್ಥಾನದಿಂದಲೇ ಲೆಕ್ಕ ಹಾಕಬೇಕಾಯಿತು. 1991ರಲ್ಲಿ ಡೆನಿಸ್ ಡಿ ಚಿಕ್ಕೊ ಪ್ರಕಟಿಸಿದ ಲೆಕ್ಕದ ಪ್ರಕಾರ ಅದು 1941ರ ನವೆಂಬರ್ 1, ಸಂಜೆ 4 ಗಂಟೆ 49 ನಿಮಿಷ.

ನೀವೂ ಮಾಡಿ ನೋಡಿ

ಇಂದಿನ ಡಿಜಿಟಲ್ ಕ್ಯಾಮೆರಾ ಮತ್ತು ಮೊಬೈಲ್‌ಗಳಲ್ಲಿ ಮಾಪಕ ಒಳಗೇ ಇದೆ. ಆದರೆ ನಿರ್ಧಾರ ಇಂದಿಗೂ ನಮ್ಮದೇ. ಚೌಕಟ್ಟು ತುಂಬುವಂತೆ ಬಿಳಿಗೋಡೆಯ ಒಂದು ಚಿತ್ರ, ಕಪ್ಪು ಬಟ್ಟೆಯ ಒಂದು ಚಿತ್ರ ತೆಗೆಯಿರಿ. ಎರಡೂ ಬೂದು ಬಣ್ಣದತ್ತ ವಾಲುವುದನ್ನು ಗಮನಿಸಿ. ಈಗ ಬೆಳಕಿನ ಹೊಂದಾಣಿಕೆಯನ್ನು ಗೋಡೆಗೆ ಹೆಚ್ಚಿಸಿ, ಬಟ್ಟೆಗೆ ತಗ್ಗಿಸಿ ಮತ್ತೆ ತೆಗೆಯಿರಿ. ಪ್ರತಿ ಸಲದ ಬದಲಾವಣೆಯನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಿ. ಹೊರಗಿನ ದೃಶ್ಯದಲ್ಲಿ ಮೋಡದ ಬಿಳುಪು ಪೂರ್ತಿ ಅಳಿಸಿಹೋಗದಂತೆ ಎಚ್ಚರವಹಿಸಿ. ಡಿಜಿಟಲ್ ಚಿತ್ರದಲ್ಲಿ ಹಾಗೆ ಕಳೆದುಹೋದ ವಿವರ ಮರಳಿ ಬಾರದು.

ಹಾಫ್ ಡೋಮ್ ಎದುರು ಆಡಮ್ಸ್ ಅವರ ಬಳಿ ಉಳಿದಿದ್ದುದು ಎರಡೇ ಫಲಕ. ನಮ್ಮಲ್ಲಿ ಸಾವಿರಾರು ಚಿತ್ರಗಳಿಗೆ ಜಾಗವಿದೆ. ಆದರೂ ಗುಂಡಿ ಒತ್ತುವ ಮುನ್ನ ಒಂದು ಕ್ಷಣ ನಿಂತು ಬೆಳಕನ್ನು ಅಳೆಯುವವರು ಬೇಗ ಕಲಿಯುತ್ತಾರೆ.