ಮಾಡರ್ನ್ ಕ್ಲಾಸಿಕ್ ಬೈಕುಗಳ ಮಾರ್ಪಾಡು

ಹಳೆಯ ಬೈಕುಗಳ ರೂಪವನ್ನು ಉಳಿಸಿಕೊಂಡು ಎಂಜಿನ್, ಬ್ರೇಕ್, ಚಾಸಿಗಳಲ್ಲಿ ಇಂದಿನ ತಂತ್ರಜ್ಞಾನ ಅಳವಡಿಸಿಕೊಂಡ ಮೋಟಾರ್‌ಸೈಕಲ್‌ಗಳನ್ನು ‘ಮಾಡರ್ನ್ ಕ್ಲಾಸಿಕ್’ ಎನ್ನುತ್ತಾರೆ. ಟ್ರಯಂಫ್ ಬಾನ್‌ವಿಲ್, ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650, ಜಾವಾ ಮುಂತಾದವು ಈ ವರ್ಗದವು. ದುಂಡನೆಯ ಹೆಡ್‌ಲೈಟ್, ಕಣ್ಣಿಗೆ ಕಾಣುವ ಎಂಜಿನ್, ಹಿಂದೆ ಎರಡು ಶಾಕ್ ಅಬ್ಸಾರ್ಬರ್ ಇರುವ ಈ ಬೈಕುಗಳ ಭಾಗಗಳನ್ನು ಬಿಚ್ಚಿ ಬೇರೆ ಜೋಡಿಸುವುದು ಸುಲಭ. ಆದ್ದರಿಂದ ಮಾಲೀಕರು ಇವನ್ನು ತಮ್ಮ ಅಭಿರುಚಿಗೆ ತಕ್ಕಂತೆ ಬದಲಿಸಿಕೊಳ್ಳುವ ರೂಢಿ ಬೆಳೆದಿದೆ. ಆದರೆ ಹ್ಯಾಂಡಲ್, ಟೈರ್, ಶಾಕ್‌ಗಳಲ್ಲಿ ಯಾವುದನ್ನು ಬದಲಿಸಿದರೂ ನೋಟದ ಜೊತೆಗೆ ಬೈಕಿನ ನಡೆಯೂ ಬದಲಾಗುತ್ತದೆ.

ಹಿನ್ನೆಲೆ

ಈ ರೂಢಿಯ ಬೇರು 1950–60ರ ದಶಕದ ಬ್ರಿಟನ್ನಿನಲ್ಲಿದೆ. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯ ಏಸ್ ಕೆಫೆಯಂಥ ಚಹಾದಂಗಡಿಗಳಲ್ಲಿ ಸೇರುತ್ತಿದ್ದ ಯುವಕರಿಗೆ ಗಂಟೆಗೆ 100 ಮೈಲಿ, ಅಂದರೆ ಸುಮಾರು 160 ಕಿ.ಮೀ. ವೇಗ ಮುಟ್ಟುವುದೇ ಹಂಬಲ. ಅನಗತ್ಯವೆನಿಸಿದ್ದನ್ನೆಲ್ಲ ಕಿತ್ತು, ಹ್ಯಾಂಡಲ್ ಇಳಿಸಿ, ಫುಟ್‌ರೆಸ್ಟ್ ಹಿಂದಕ್ಕೆ ಸರಿಸಿ ಅವರು ರೂಪಿಸಿದ ಬೈಕಿಗೆ ‘ಕೆಫೆ ರೇಸರ್’ ಎಂಬ ಹೆಸರು ನಿಂತಿತು. ಆ ಕಾಲದ ಹೆಸರಾಂತ ಮಾರ್ಪಾಡು ‘ಟ್ರೈಟನ್’. ಟ್ರಯಂಫ್‌ನ ಎಂಜಿನ್ ಚುರುಕು, ನಾರ್ಟನ್ ಕಂಪನಿಯ ಫೆದರ್‌ಬೆಡ್ ಚಾಸಿ ತಿರುವಿನಲ್ಲಿ ಗಟ್ಟಿ. ಎರಡನ್ನೂ ಕೂಡಿಸಿದ್ದೇ ಟ್ರೈಟನ್. ಇಂದು ಅಂದಕ್ಕಾಗಿ ಮೆಚ್ಚುವ ಈ ಶೈಲಿ ಹುಟ್ಟಿದ್ದು ಬೈಕಿನ ನಡೆಯನ್ನು ಸುಧಾರಿಸುವ ಯತ್ನದಲ್ಲಿ.

ಮುಂದೆ ಕಂಪನಿಗಳೂ ಹಳೆಯ ರೂಪಕ್ಕೆ ಮರಳಿದವು. 1959ರಲ್ಲಿ ಮೊದಲು ಬಂದ ಬಾನ್‌ವಿಲ್ ಹೆಸರನ್ನು ಟ್ರಯಂಫ್ 2001ರಲ್ಲಿ 790 ಸಿ.ಸಿ. ಎಂಜಿನ್ನಿನೊಡನೆ ಮತ್ತೆ ರಸ್ತೆಗಿಳಿಸಿತು. ಭಾರತದಲ್ಲಿ 2018ರ ನವೆಂಬರಿನಲ್ಲಿ ರಾಯಲ್ ಎನ್‌ಫೀಲ್ಡ್‌ನ 650 ಸರಣಿಯೂ ಹೊಸ ಜಾವಾ ಬೈಕುಗಳೂ ಬಿಡುಗಡೆಯಾದವು. ಜಾವಾಕ್ಕೆ ಕರ್ನಾಟಕದ ನಂಟಿದೆ: ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತ್ತು.

ಮುಖ್ಯ ಶೈಲಿಗಳು

ಕೆಫೆ ರೇಸರ್‌ನಲ್ಲಿ ಹ್ಯಾಂಡಲ್ ಎರಡು ತುಂಡಾಗಿ, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಕೊಳವೆಗಳಿಗೇ ಕಚ್ಚಿಕೊಂಡಿರುತ್ತದೆ. ಸವಾರ ಟ್ಯಾಂಕಿನ ಮೇಲೆ ಬಾಗುತ್ತಾನೆ. ಸ್ಕ್ರ್ಯಾಂಬ್ಲರ್‌ಗೆ ಅಗಲ ಹ್ಯಾಂಡಲ್, ಮೇಲಕ್ಕೇರಿಸಿದ ಸೈಲೆನ್ಸರ್, ಒರಟು ಗೀರಿನ ಟೈರ್. ಬಾಬರ್‌ನಲ್ಲಿ ಒಂಟಿ ಸೀಟು, ಕತ್ತರಿಸಿದ ಮಡ್‌ಗಾರ್ಡ್, ನೆಲಕ್ಕೆ ಹತ್ತಿರದ ಕೂರಿಕೆ. ಹಳೆಯ ಬಾಬರ್‌ಗಳಲ್ಲಿ ಹಲವಕ್ಕೆ ಹಿಂಬದಿ ಶಾಕ್ ಇರಲಿಲ್ಲ. ಗುಂಡಿಯ ಪೆಟ್ಟು ನೇರ ಬೆನ್ನಿಗೆ. ಟ್ರಯಂಫ್ ಬಾನ್‌ವಿಲ್ ಬಾಬರ್ ಮತ್ತು ಜಾವಾ ಪೆರಾಕ್ ಬೈಕುಗಳಲ್ಲಿ ಒಂದೇ ಶಾಕನ್ನು ಸೀಟಿನ ಅಡಿ ಮರೆಮಾಡಿ, ಶಾಕ್ ಇಲ್ಲದಂಥ ನೋಟವನ್ನು ಉಳಿಸಿಕೊಂಡಿದ್ದಾರೆ.

ನಡೆಯನ್ನು ನಿರ್ಧರಿಸುವ ಅಳತೆಗಳು

ಬೈಕು ನೇರ ಓಡುವುದು, ಬಾಗಿ ತಿರುಗುವುದು ಮುಖ್ಯವಾಗಿ ಮೂರು ಅಳತೆಗಳ ಮೇಲೆ ನಿಂತಿದೆ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗಿರುವ ದೂರ ವೀಲ್‌ಬೇಸ್. ಹ್ಯಾಂಡಲ್ ತಿರುಗುವ ಅಕ್ಷ ಲಂಬರೇಖೆಯಿಂದ ಎಷ್ಟು ವಾಲಿದೆ ಎಂಬುದು ರೇಕ್. ಆ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಮುಟ್ಟುವ ಬಿಂದುವಿಗಿಂತ ಟೈರ್ ನೆಲ ಮುಟ್ಟುವ ಜಾಗ ಹಿಂದಿರುತ್ತದೆ. ಈ ಅಂತರವೇ ಟ್ರೇಲ್. ಟ್ರೇಲ್ ಹೆಚ್ಚಿದ್ದರೆ ಬೈಕು ಹೆದ್ದಾರಿಯಲ್ಲಿ ನೆಟ್ಟಗೆ ಓಡುತ್ತದೆ, ತಿರುವಿಗೆ ನಿಧಾನವಾಗಿ ಒಲಿಯುತ್ತದೆ. ಕಡಿಮೆಯಿದ್ದರೆ ಚುರುಕಾಗಿ ತಿರುಗುತ್ತದೆ, ಆದರೆ ವೇಗದಲ್ಲಿ ಹ್ಯಾಂಡಲ್ ಅದುರುವ ಅಪಾಯ ಹೆಚ್ಚು.

ಇಂಟರ್‌ಸೆಪ್ಟರ್ 650ರ ವೀಲ್‌ಬೇಸ್ ಸುಮಾರು 1,400 ಮಿ.ಮೀ., ರೇಕ್ 24 ಡಿಗ್ರಿ, ಟ್ರೇಲ್ 106 ಮಿ.ಮೀ. ಉದ್ದದ ಶಾಕ್ ಹಾಕಿ ಇದರ ಹಿಂಭಾಗವನ್ನು 25 ಮಿ.ಮೀ. ಎತ್ತಿದರೆ ಇಡೀ ಬೈಕು ಮುಂದಕ್ಕೆ ವಾಲಿ, ರೇಕ್ ಸುಮಾರು ಒಂದು ಡಿಗ್ರಿ, ಟ್ರೇಲ್ ಸುಮಾರು 6 ಮಿ.ಮೀ. ಇಳಿಯುತ್ತದೆ. ಕ್ಲಾಂಪ್ ಸಡಿಲಿಸಿ ಫೋರ್ಕ್ ಕೊಳವೆಗಳನ್ನು ಮೇಲಕ್ಕೆ ಜರುಗಿಸಿದರೂ ಫಲ ಅದೇ. ಒಂದೊಂದನ್ನೇ ಮಾಡಿದರೆ ಹಿತವೆನಿಸುವ ಬದಲಾವಣೆ, ಎರಡನ್ನೂ ಕೂಡಿಸಿದಾಗ ಕೈ ಮೀರಬಹುದು. ನೆಲಕ್ಕೆ ತಗ್ಗಿದ ನೋಟಕ್ಕಾಗಿ ಹಿಂದೆ ಗಿಡ್ಡ ಶಾಕ್ ಹಾಕಿದರೆ ಇದಕ್ಕೆ ತಿರುಗುಮುರುಗು: ಹ್ಯಾಂಡಲ್ ಭಾರವೆನಿಸುತ್ತದೆ, ಬಾಗಿದಾಗ ಸೈಲೆನ್ಸರ್ ಬೇಗ ನೆಲ ಮುಟ್ಟುತ್ತದೆ, ಗುಂಡಿಗೆ ಬಿದ್ದಾಗ ಟೈರ್ ಮಡ್‌ಗಾರ್ಡಿಗೆ ಉಜ್ಜಬಹುದು.

ಕೂರುವ ಭಂಗಿಯೊಂದೇ ಎಷ್ಟು ವ್ಯತ್ಯಾಸ ತರುತ್ತದೆ ಎಂಬುದನ್ನು ಕಾಂಟಿನೆಂಟಲ್ ಜಿಟಿ 650ರಲ್ಲಿ ನೋಡಬಹುದು. ಇಂಟರ್‌ಸೆಪ್ಟರ್‌ನದೇ 648 ಸಿ.ಸಿ. ಎಂಜಿನ್, ಅದೇ ಚಾಸಿ. ಹ್ಯಾಂಡಲ್ ಮಾತ್ರ ತಗ್ಗು, ಫುಟ್‌ರೆಸ್ಟ್ ಹಿಂದೆ. ಸವಾರನ ಭಾರ ಮುಂದಿನ ಚಕ್ರದ ಮೇಲೆ ಬಿದ್ದು ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ. ಪೇಟೆಯ ಸಿಗ್ನಲ್‌ಗಳಲ್ಲಿ ಅದೇ ಭಾರ ಮಣಿಕಟ್ಟು, ಸೊಂಟಗಳಿಗೆ ಬೀಳುತ್ತದೆ.

ಭಾಗಗಳ ಬದಲಾವಣೆ

ಹ್ಯಾಂಡಲ್: ಬದಲಿಸಿದ ಮೇಲೆ ಎಂಜಿನ್ ಚಾಲೂ ಇಟ್ಟು, ಹ್ಯಾಂಡಲನ್ನು ಎಡದ ಕೊನೆಯಿಂದ ಬಲದ ಕೊನೆಗೆ ನಿಧಾನವಾಗಿ ತಿರುಗಿಸಿ ನೋಡಬೇಕು. ಎಲ್ಲಾದರೂ ಎಂಜಿನ್ನಿನ ಸದ್ದು ತಾನಾಗಿ ಏರಿದರೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿ ಎಳೆಯುತ್ತಿದೆ ಎಂದರ್ಥ. ಬ್ರೇಕಿನ ಹೋಸ್ ಚಾಚಿಕೊಂಡಿದೆಯೇ, ಹಿಡಿ ಟ್ಯಾಂಕಿಗೆ ತಾಗಿ ಬೆರಳು ಸಿಕ್ಕಿಕೊಳ್ಳುತ್ತದೆಯೇ ಎಂಬುದೂ ಆಗಲೇ ತಿಳಿಯುತ್ತದೆ.

ಶಾಕ್ ಮತ್ತು ಸ್ಪ್ರಿಂಗ್: ನಡೆ ಸುಧಾರಿಸಲು ಮೊದಲು ಹಣ ಹಾಕಬೇಕಾದ ಜಾಗ ಇದು. ಹೊಸ ಶಾಕ್ ಕೊಳ್ಳುವ ಮೊದಲು ಇರುವುದನ್ನೇ ಸವಾರನ ತೂಕಕ್ಕೆ ಹೊಂದಿಸಿ ನೋಡಬೇಕು. ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ, ಅದರ ಆಕ್ಸಲ್‌ನಿಂದ ನೇರ ಮೇಲೆ ಸೀಟಿನಡಿಯ ಒಂದು ಗುರುತಿಗೆ ಟೇಪು ಹಿಡಿದು ಅಳೆಯುತ್ತಾರೆ. ಬಳಿಕ ಚಕ್ರ ಇಳಿಸಿ, ಸವಾರ ಹೆಲ್ಮೆಟ್, ಜಾಕೆಟ್ ಸಮೇತ ಕೂತಾಗ ಮತ್ತೆ ಅಳೆಯುತ್ತಾರೆ. ಈ ಕುಸಿತ ಚಕ್ರದ ಒಟ್ಟು ಏರಿಳಿತದ ಮೂರನೆಯ ಒಂದು ಭಾಗದ ಆಸುಪಾಸು ಇರಬೇಕು. ಇಂಟರ್‌ಸೆಪ್ಟರ್‌ನ ಹಿಂಬದಿ ಏರಿಳಿತ 88 ಮಿ.ಮೀ.; ಅದಕ್ಕೆ 25ರಿಂದ 30 ಮಿ.ಮೀ. ಕುಸಿತ ಹದ.

ಟೈರ್: ಅಗಲ ಟೈರ್ ಹಿಂದಿನಿಂದ ನೋಡಲು ಗತ್ತು. ಆದರೆ ಮೂಲ ರಿಮ್ಮಿಗೆ ಅತಿ ಅಗಲದ್ದನ್ನು ತುರುಕಿದರೆ ಅಂಚು ಒಳಕ್ಕೆ ಹಿಸುಕಿ ಟೈರಿನ ದುಂಡು ಕೆಡುತ್ತದೆ, ಬೈಕು ಬಾಗಲು ತಡಮಾಡುತ್ತದೆ. ಚೌಕ ಗೀರಿನ ಹಳೇ ಕಾಲದ ಮಾದರಿಯ ಟೈರ್‌ಗಳು ಫೋಟೋದಲ್ಲಿ ಚೆಂದ, ಮಳೆ ನೀರಿನ ರಸ್ತೆಯಲ್ಲಿ ನೆಚ್ಚುವಂಥವಲ್ಲ. ಮಾಮೂಲಿ ಕಡ್ಡಿಚಕ್ರಕ್ಕೆ ಟ್ಯೂಬ್ ಬೇಕು. ಅಲಾಯ್ ಚಕ್ರಕ್ಕೆ ಟ್ಯೂಬ್‌ಲೆಸ್ ಟೈರ್ ಹಾಕಬಹುದಾದ್ದರಿಂದ ಪಂಚರ್ ಆದಾಗ ರಿಪೇರಿ ಸುಲಭ.

ತೂಕ: ಒಂದು ಕಿಲೋ ಎಲ್ಲಿಂದ ಕಳೆಯಿತು ಎಂಬುದೂ ಮುಖ್ಯ. ಚಕ್ರ, ಟೈರ್, ಬ್ರೇಕ್ ಡಿಸ್ಕ್‌ಗಳಲ್ಲಿ ಇಳಿಸಿದ ತೂಕದ ಲಾಭ ಸೀಟು, ಮಡ್‌ಗಾರ್ಡ್‌ಗಳಲ್ಲಿ ಇಳಿಸಿದ್ದಕ್ಕಿಂತ ಹೆಚ್ಚು, ಏಕೆಂದರೆ ಶಾಕ್‌ಗಳು ಹದ್ದುಬಸ್ತಿನಲ್ಲಿ ಇಡಬೇಕಾದ ಭಾರ ಚಕ್ರದ ಕಡೆಯದು.

ಕೆಲಸದ ಕ್ರಮ

ಮೊದಲು ಬೈಕನ್ನು ಕಂಪನಿಯ ರೂಪದಲ್ಲೇ ಓಡಿಸಿ ಅದರ ನಡೆಯನ್ನು ಅರಿಯುವುದು, ಬಳಿಕ ಟೈರ್ ಮತ್ತು ಶಾಕ್, ಆಮೇಲೆ ಹ್ಯಾಂಡಲ್ ಮತ್ತು ಫುಟ್‌ರೆಸ್ಟ್, ಕೊನೆಗೆ ಸೀಟು, ಬಣ್ಣ: ಇದು ಹದವಾದ ಕ್ರಮ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ರಸ್ತೆಯಲ್ಲಿ ಓಡಿಸಿ ನೋಡಿದರೆ ತಪ್ಪು ಎಲ್ಲಾಯಿತೆಂದು ಗೊತ್ತಾಗುತ್ತದೆ. ಬಿಚ್ಚಿದ ಮೂಲ ಭಾಗಗಳನ್ನು ಎತ್ತಿಡುವುದು ಜಾಣತನ.

ಕಾನೂನು

ಭಾರತದ ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ (ಆರ್‌ಸಿ) ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡಿಗೆ ತಲಾ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು. ಕರ್ನಾಟಕದ ಕೆಲವು ನಗರಗಳಲ್ಲಿ ಪೊಲೀಸರು ಕರ್ಕಶ ಸೈಲೆನ್ಸರ್‌ಗಳನ್ನು ಕಿತ್ತು ರೋಡ್ ರೋಲರ್ ಹಾಯಿಸಿದ್ದೂ ಇದೆ. ಹಿಂಬದಿ ಸವಾರರ ಬಟ್ಟೆ ಚಕ್ರಕ್ಕೆ ಸಿಗದಂತೆ ಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ, ಹಿಡಿದುಕೊಳ್ಳಲು ಹಿಡಿ, ಫುಟ್‌ರೆಸ್ಟ್ ಇರಬೇಕೆಂದು ಕೇಂದ್ರದ ನಿಯಮಗಳು ಹೇಳುತ್ತವೆ. ನೋಟ ಕೆಡಿಸುತ್ತದೆಂದು ಹಲವರು ಮೊದಲು ಬಿಚ್ಚಿಸುವ ಸೀರೆ ಗಾರ್ಡ್ ಬೈಕಿಗೆ ಬಂದದ್ದು ಈ ನಿಯಮದಿಂದ.