ಹಿಮೇಜಿ ಕ್ವಾಟಿಯೊಳಗಿನ ಮೂರು ಹೆಣ್ಣುಮಕ್ಕಳು

ಬರೂ ಏಪ್ರಿಲ್‌ದಾಗ ನಾನೂ ನಮ್ಮ ವೈನಿನೂ ಜಪಾನಕ್ಕ ಹೊಂಟೀವಿ. ವೈನಿ ಮಗಳು ಓಸಾಕಾದಾಗ ಇರ್ತಾಳ. ಎರಡು ದಿನ ರಜಾ ತೊಗೊಂಡು ಹಿಮೇಜಿ ಊರಿನ ಕ್ವಾಟಿ ತೋರಸ್ತೀನಿ ಅಂದಾಳ. "ಕ್ವಾಟಿಯೊಳಗ ನಮಗೇನದ? ಯಾರು ಯಾರನ್ನ ಕೊಂದ್ರು ಅನ್ನೂದ ಇರ್ತದ" ಅಂತ ವೈನಿ ತಕರಾರು. ಸುಳ್ಳಲ್ಲ ಬಿಡ್ರಿ. ಆದ್ರ ಓದಿಕೋತ ಹೋದಂಗ ಒಂದು ಮಾತು ತಿಳೀತು. ಆ ಊರಾಗ ಸರದಾರರ ಜೋಡಿ ಮೂರು ಹೆಣ್ಣುಮಕ್ಕಳ ನೆನಪನ್ನೂ ಕಾಯ್ಕೊಂಡು ಬಂದಾರ. ನಮ್ಮ ತಿರುಗಾಟ ಅವರ ಹಿಂದ ಹಾಕೀನಿ.

ಓಸಾಕಾದಿಂದ ಹಿಮೇಜಿಗೆ ಸಾದಾ ಫಾಸ್ಟ್ ರೈಲಿನಾಗ ಒಂದು ತಾಸು. ಸ್ಟೇಶನ್ ಬಿಟ್ಟು ಹೊರಗ ಬಂದ್ರ ಸಾಕು, ನೆಟ್ಟಗಿನ ರಸ್ತಾದ ತುದಿಗೆ ಬೆಳ್ಳಗ ಕ್ವಾಟಿ ಕಾಣಸ್ತದ. ನಡದ್ರ ಇಪ್ಪತ್ತು ನಿಮಿಷ. ಬೆಳ್ಳಕ್ಕಿ ಕ್ವಾಟಿ ಅಂತನ ಅದಕ್ಕ ಅಡ್ಡಹೆಸರು. ಈಗಿರೂ ಕಟ್ಟಡ ಇಕೆದಾ ತೆರುಮಾಸಾ ಅನ್ನೂ ಸರದಾರ 1601ರಿಂದ 1609ರ ತನಕಾ ಕಟ್ಟಿಸಿದ್ದು. ಒಳಗೆಲ್ಲಾ ಕಟಗಿ, ಹೊರಗ ಸುಣ್ಣದ ಗಾರೆ. ಸುಣ್ಣಕ್ಕ ಸಮುದ್ರದ ಪಾಚಿ ಕುದಿಸಿದ ಅಂಟು, ಸೆಣಬಿನ ನಾರು ಕಲಸಿ ಬಳೀತಾರ. ಹಂಚಿನ ಸಂದಿಗೂ ಅದನ್ನ ಮೆತ್ತ್ಯಾರ. ಚಂದಕ್ಕಷ್ಟ ಅಲ್ಲ, ಬೆಂಕಿ ಹತ್ತಬಾರದು ಅಂತ.

ಮೊದಲನೇ ಹೆಣ್ಣುಮಗಳಿಗೆ ಹೆಸರ ಇಲ್ಲ. ತೆರುಮಾಸಾಗಿಂತ ಮೊದಲು, 1580ರ ಸುಮಾರಿಗೆ, ಟೊಯೊಟೊಮಿ ಹಿದೆಯೋಶಿ ಅಲ್ಲಿ ಕ್ವಾಟಿ ಕಟ್ಟಸ್ತಿದ್ದ. ಕಲ್ಲು ಸಾಲದಾದೂವು. ಅಕ್ಕಿ ಹಿಟ್ಟಿನ ಸುಟ್ಟ ರೊಟ್ಟಿ ಮಾರಿ ಹೊಟ್ಟಿ ಹೊರಕೊಳ್ಳೂ ಮುದುಕಿಯೊಬ್ಬಾಕಿ ತನ್ನ ಬೀಸುಕಲ್ಲು ತಂದು ಕೊಟ್ಲಂತ. ಅದನ್ನ ಕೇಳಿ ಊರ ಮಂದೀನೂ ತಮ್ಮ ತಮ್ಮ ಕಲ್ಲು ತಂದ್ರಂತ. ಇದು ಬಾಯಿಮಾತಿನ ಕಥಿ. ಆದ್ರ ಆಕಿ ಕಲ್ಲು ಅಂತ ಹೇಳೂದೊಂದು ಇವತ್ತಿಗೂ ಕ್ವಾಟಿ ಗ್ವಾಡಿಯೊಳಗ ಅದ, ಅದಕ್ಕ ತಂತಿ ಜಾಳಗಿ ಹಾಕ್ಯಾರ. ಬೀಸುಕಲ್ಲು ಕೊಡೂದು ಅಂದ್ರೇನು ಅಂತ ನಮಗ ಗೊತ್ತು. ಆಕಿ ಮನಿಯೊಳಗ ಇದ್ದ ಕಲ್ಲನ್ನಲ್ಲ, ಮರುದಿನದ ಊಟಾನ ಕೊಟ್ಟಂಗಾತು.

ಎರಡನೇದಾಕಿ ಓಕಿಕು, ಸರದಾರರ ಮನಿ ಕೆಲಸದಾಕಿ. ಇದೂ ಕಥೀನ. ಮನಿಯೊಳಗ ಹತ್ತು ಬೆಲೆಬಾಳೂ ತಾಟು ಇದ್ದೂವು. ಆಕಿ ಒಲ್ಲೆ ಅಂದಿದ್ದಕ್ಕ ಸಿಟ್ಟಾದ ಗಂಡಸೊಬ್ಬ ಒಂದು ತಾಟು ಬಚ್ಚಿಟ್ಟು ಆಕಿ ಮ್ಯಾಲೆ ಅಪವಾದ ಹೊರಿಸಿದ, ಕೊಂದು ಬಾವ್ಯಾಗ ಒಗದ. ರಾತ್ರಿ ಬಾವಿಯೊಳಗಿಂದ ಒಂದು, ಎರಡು ಅಂತ ಒಂಬತ್ತರ ತನಕಾ ಎಣಸೂ ದನಿ, ಆಮ್ಯಾಲೆ ಅಳು ಕೇಳಸ್ತಿತ್ತಂತ. ಟೋಕಿಯೋ ಕಡೆನೂ ಈ ಕಥಿ ಬ್ಯಾರೆ ನಮೂನಿ ಹೇಳ್ತಾರ. ಮಂದಿಗೆ ಇದು ದೆವ್ವದ ಕಥಿ. ನನಗ ಹಂಗ ಅನಸೂದಿಲ್ಲ. ಮನಿಯೊಳಗ ಕಾರ್ಯ ಮುಗದಮ್ಯಾಲೆ ಒಂದು ತಾಟು ಕಮ್ಮಿ ಬಿದ್ರ ಮೊದಲು ಸಂಶೇ ಯಾರ ಮ್ಯಾಲೆ ಬರ್ತದ? ಹೇಳ್ರಿ ನೋಡೂಣು. ಓಕಿಕು ಬಾವಿ ಕ್ವಾಟಿಯೊಳಗ ಅದ. ಊರಾಗ ಆಕಿಗೆ ಒಂದು ಸಣ್ಣ ಗುಡೀನೂ ಅದ.

ಮೂರನೇದಾಕಿ ಇತಿಹಾಸದಾಗ ಆಗಿ ಹೋದಾಕಿ, ಸೆನ್‌ಹಿಮೆ. ಹುಟ್ಟಿದ್ದು 1597. ಅಜ್ಜ ತೊಕುಗಾವಾ ಇಯೆಯಾಸು. 1603ರಾಗ, ಇನ್ನೂ ಆರು ವರ್ಷದ ಕೂಸಿದ್ದಾಗ, ಮೊದಲು ಹೇಳಿದೆನಲ್ಲ ಆ ಹಿದೆಯೋಶಿ ಮಗಾ ಹಿದೆಯೋರಿಗೆ ಕೊಟ್ಟು ಲಗ್ನಾ ಮಾಡಿದ್ರು. ಅತ್ತಿ ಯೊದೊ ಬ್ಯಾರೆ ಯಾರೂ ಅಲ್ಲ, ಅವ್ವನ ಅಕ್ಕ. 1615ರಾಗ ಅಜ್ಜನ ಓಸಾಕಾ ಕ್ವಾಟಿ ಮ್ಯಾಲೆ ದಂಡು ತಂದ. ಹುಡುಗಿಯನ್ನ ಹೊರಗ ಕರಕೊಂಡು ಬಂದ್ರು. ಗಂಡ, ಅತ್ತಿ ಜೀವಾ ಉಳಸ್ರಿ ಅಂತ ಬೇಡಿದ್ದು ನಡೀಲಿಲ್ಲ. ಇಬ್ಬರೂ ಅಲ್ಲೇ ಸತ್ರು.

ಮರುವರ್ಷ ಹೊಂಡಾ ತಾದಾತೊಕಿ ಜೋಡಿ ಎರಡನೇ ಲಗ್ನ ಆತು, 1617ರಾಗ ಹಿಮೇಜಿಗೆ ಬಂದ್ಲು. ಕ್ವಾಟಿ ಪಶ್ಚಿಮದ ಅಂಗಳದಾಗ ಆಕಿ ಶೃಂಗಾರದ ಬುರುಜು, ಗೆಳತ್ಯಾರು ಇರತಿದ್ದ ಖೋಲಿಗಳ ಉದ್ದಾನ ಪಡಸಾಲಿ ಇನ್ನೂ ಅವ. ಒಂದು ಹೆಣ್ಣು, ಒಂದು ಗಂಡು ಆದ್ವು. 1621ರಾಗ ಗಂಡುಕೂಸು ತೀರಿಕೊಂತು. ಮನಿತನ ಬೆಳೀಲಿ ಅಂತ 1623ರಾಗ ಎದುರಿನ ಒತೊಕೊಯಾಮಾ ಗುಡ್ಡದ ಮ್ಯಾಲೆ ಗುಡಿ ಕಟ್ಟಿಸಿ, ಪಡಸಾಲಿಯೊಳಗಿಂದನ ಕೈ ಮುಗೀತಿದ್ಲು. 1626ರಾಗ ಗಂಡನೂ ಹೋದ. ಆಮ್ಯಾಲೆ ಎದೊಕ್ಕ, ಅಂದ್ರ ಈಗಿನ ಟೋಕಿಯೋಕ್ಕ ಹೋಗಿ ಸನ್ಯಾಸಿನಿ ಆಗಿ 1666ರ ತನಕಾ ಬದುಕಿದ್ಲು. ನಲವತ್ತು ವರ್ಷ! ಪುಸ್ತಕದಾಗ ಆ ನಲವತ್ತಕ್ಕ ಎರಡು ಸಾಲು.

1945ರ ಜುಲೈದಾಗ ಬಾಂಬ್ ಬಿದ್ದು ಊರು ಸುಟ್ಟಾಗ ಕ್ವಾಟಿ ಉಳೀತು. ತುದಿ ಅಂತಸ್ತಿಗೆ ಬಿದ್ದ ಬಾಂಬ್ ಹೊತ್ತಲೇ ಇಲ್ಲ. 1993ರಾಗ ಯುನೆಸ್ಕೋ ಪಟ್ಟೀಗೂ ಸೇರ್ತು.

ನಮ್ಮ ಲೆಕ್ಕಾಚಾರ ಹಿಂಗದ. ಮೊದಲ ದಿನ ಒಂಬತ್ತಕ್ಕ ಬಾಗಲಾ ತಗಿಯೂದರಾಗ ಹೋಗೂದು. ಕಾಲು ದಣಿಯೂಕಿಂತ ಮೊದಲ ಸೆನ್‌ಹಿಮೆ ಪಡಸಾಲಿ, ಆಮ್ಯಾಲೆ ದೊಡ್ಡ ಕಟ್ಟಡ, ಬೀಸುಕಲ್ಲು, ಬಾವಿ. ಒಳಗ ಬೂಟು ಬಿಚ್ಚಿ ಚೀಲದಾಗ ಹಿಡ್ಕೋಬೇಕು, ಕಟಗಿ ಪಾವಟಿಗಿ ಭಾಳ ಕಡಿದಾಗ್ಯಾವ. ಮೊಣಕಾಲು ನೋವಿದ್ದವರು ತುದಿ ಅಂತಸ್ತು ಬಿಟ್ರೂ ನಡೀತದ, ಈ ಮೂವರೂ ಅಲ್ಲಿ ಮ್ಯಾಲಿಲ್ಲ. ಎರಡನೇ ದಿನ ಬಾಜೂಕಿನ ಕೊಕೊಎನ್ ತೋಟ, ಒತೊಕೊಯಾಮಾ ಗುಡ್ಡದ ಗುಡಿ, ಸಂಜಿ ರೈಲು.

ಇಷ್ಟು ಹೇಳಿದ ಮ್ಯಾಲೆ ವೈನಿ ಒಂದ ಮಾತು ಕೇಳಿದ್ರು: "ಆ ಮುದುಕಿ ಆಮ್ಯಾಲೆ ಹಿಟ್ಟು ಎಲ್ಲಿ ಬೀಸಿಕೊಂಡ್ಲು?" ಅದನ್ನ ಯಾರೂ ಬರದಿಟ್ಟಿಲ್ಲ ನೋಡ್ರಿ.