ಪಿಸ್ತೂಲಿನ ಬ್ಯಾರೆಲ್ ಉದ್ದ, ಸೈಟ್ ರೇಡಿಯಸ್ ಮತ್ತು ಗುರಿಯ ನಿಖರತೆ

ಪಿಸ್ತೂಲು ಇಲ್ಲವೇ ರಿವಾಲ್ವರ್‌ನ ಗುರಿ ಹೊಂದಿಸುವ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಇರುವ ಅಂತರವೇ ಸೈಟ್ ರೇಡಿಯಸ್. ಬ್ಯಾರೆಲ್ ಉದ್ದವಾದಷ್ಟೂ ಮುಂದಿನ ಸೈಟ್ ಇನ್ನಷ್ಟು ಮುಂದಕ್ಕೆ ಹೋಗುತ್ತದೆ. ಹಾಗಾಗಿ ಈ ಎರಡು ಅಳತೆಗಳೂ ಸಾಮಾನ್ಯವಾಗಿ ಒಟ್ಟಿಗೇ ಹೆಚ್ಚುತ್ತವೆ. ಉದ್ದ ಬ್ಯಾರೆಲ್ ಇದ್ದರೆ ಗುರಿ ತಪ್ಪುವುದಿಲ್ಲ ಎಂಬ ನಂಬಿಕೆ ಹುಟ್ಟಿರುವುದು ಇದರಿಂದಲೇ. ನಂಬಿಕೆಯಲ್ಲಿ ಹುರುಳಿದೆ, ಆದರೆ ಅದರ ಮುಖ್ಯ ಕಾರಣ ಬ್ಯಾರೆಲ್ ಅಲ್ಲ, ಅದರ ಮೇಲೆ ಕೂತಿರುವ ಸೈಟುಗಳು.

ಗಿಡ್ಡ ಬ್ಯಾರೆಲ್ ಗುಂಡನ್ನು ಅಡ್ಡಾದಿಡ್ಡಿ ಕಳಿಸುವುದಿಲ್ಲ. ಒಳಗಿನ ಸುರುಳಿ ಗೀರುಗಳು ಗುಂಡಿಗೆ ತಕ್ಕಷ್ಟು ತಿರುಗುವಿಕೆ ಕೊಟ್ಟರೆ ಸಾಕು, ಅದು ಸ್ಥಿರವಾಗಿ ಹಾರುತ್ತದೆ. ಪಿಸ್ತೂಲನ್ನು ಕೈಯಲ್ಲಿ ಹಿಡಿಯದೆ ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು ಹಾರಿಸಿದರೆ, ಚೆನ್ನಾಗಿ ತಯಾರಾದ ಗಿಡ್ಡ ಬ್ಯಾರೆಲ್ ಕೂಡ ಉದ್ದ ಬ್ಯಾರೆಲ್‌ನಷ್ಟೇ ಒತ್ತಾಗಿ ಗುಂಡುಗಳನ್ನು ಕೂರಿಸಬಲ್ಲದು. ಅಲ್ಲಿ ಲೆಕ್ಕಕ್ಕೆ ಬರುವುದು ಬ್ಯಾರೆಲ್ ಬಾಯಿಯ ಅಂಚು ಎಷ್ಟು ಸಮವಾಗಿದೆ, ತೋಟಾ ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬಂಥ ಸಂಗತಿಗಳು. ಬ್ರೌನಿಂಗ್ ಮಾದರಿಯ ಪಿಸ್ತೂಲುಗಳಲ್ಲಿ ಪ್ರತಿ ಗುಂಡಿನ ನಂತರ ಬ್ಯಾರೆಲ್‌ನ ಹಿಂತುದಿ ಕೆಳಕ್ಕೆ ಬಾಗಿ, ಬ್ಯಾರೆಲ್ ಮೇಲೆ ಹಿಂದೆ ಮುಂದೆ ಜಾರುವ ಹೊದಿಕೆ, ಅಂದರೆ ಸ್ಲೈಡ್, ಮುಚ್ಚಿಕೊಂಡಾಗ ಮತ್ತೆ ಮೇಲೇಳುತ್ತದೆ. ಸೈಟುಗಳು ಇರುವುದು ಸ್ಲೈಡ್ ಮೇಲೆ. ಬ್ಯಾರೆಲ್ ಪ್ರತಿ ಸಲವೂ ಅದೇ ಜಾಗಕ್ಕೆ ಮರಳದಿದ್ದರೆ ಎಷ್ಟು ಉದ್ದವಿದ್ದರೂ ಪ್ರಯೋಜನವಿಲ್ಲ.

ಉದ್ದ ಬ್ಯಾರೆಲ್‌ನಲ್ಲಿ ಮದ್ದಿನ ಅನಿಲ ಗುಂಡನ್ನು ಹೆಚ್ಚು ಹೊತ್ತು ತಳ್ಳುವುದರಿಂದ ವೇಗ ಸ್ವಲ್ಪ ಏರುತ್ತದೆ. 25 ಮೀಟರ್‌ನಷ್ಟು ದೂರದಲ್ಲಿ ಗುರಿಯ ನಿಖರತೆಗೆ ಅದರಿಂದ ಆಗುವ ಉಪಕಾರ ತೀರ ಕಡಿಮೆ. ಅದಕ್ಕಿಂತ ಮುಂಭಾಗಕ್ಕೆ ಸೇರುವ ತೂಕ ಹೆಚ್ಚು ಉಪಯುಕ್ತ: ತುದಿ ಬೇಗ ಅಲುಗುವುದಿಲ್ಲ, ಗುಂಡು ಹಾರಿದಾಗ ಮೇಲಕ್ಕೆ ಚಿಮ್ಮುವುದೂ ಕಡಿಮೆ.

ಸೈಟ್ ರೇಡಿಯಸ್‌ನ ಲೆಕ್ಕ ಸರಳ ರೇಖಾಗಣಿತದ್ದು. ಹಿಂದಿನ ಸೈಟಿನ ಕಚ್ಚಿನ ನಡುವೆ ಮುಂದಿನ ಸೈಟಿನ ಕಂಬ ನಿಲ್ಲಬೇಕು. ಅದರ ಎರಡು ಬದಿಗೂ ಒಂದೇ ಅಗಲದ ಬೆಳಕಿನ ಪಟ್ಟಿ ಕಾಣಬೇಕು, ಎರಡರ ತಲೆಯೂ ಒಂದೇ ಮಟ್ಟದಲ್ಲಿರಬೇಕು. ಕಂಬ ಬದಿಗೆ ಜರುಗಿದರೆ, ಆ ಜರುಗನ್ನು ಗುರಿಯ ದೂರದಿಂದ ಗುಣಿಸಿ ಸೈಟ್ ರೇಡಿಯಸ್‌ನಿಂದ ಭಾಗಿಸಿದಷ್ಟು ಗುಂಡು ತಪ್ಪುತ್ತದೆ. ಗ್ಲಾಕ್ ಕಂಪನಿಯ ಒಂದೇ ಕುಟುಂಬದ ಪಿಸ್ತೂಲುಗಳು ಇದಕ್ಕೆ ಒಳ್ಳೆಯ ಉದಾಹರಣೆ. ಗ್ಲಾಕ್ 26ರ ಬ್ಯಾರೆಲ್ 87 ಮಿ.ಮೀ., ಸೈಟ್ ರೇಡಿಯಸ್ 137 ಮಿ.ಮೀ. ಸ್ಪರ್ಧೆಗೆಂದು ಉದ್ದ ಮಾಡಿದ ಗ್ಲಾಕ್ 34ರಲ್ಲಿ ಇವು 135 ಮತ್ತು 192 ಮಿ.ಮೀ. ಕಂಬ 1 ಮಿ.ಮೀ. ಜರುಗಿದರೆ 25 ಮೀಟರ್ ದೂರದಲ್ಲಿ ಮೊದಲನೆಯದು ಸುಮಾರು 18 ಸೆಂ.ಮೀ., ಎರಡನೆಯದು ಸುಮಾರು 13 ಸೆಂ.ಮೀ. ತಪ್ಪುತ್ತದೆ.

ಅದೇ ಕೈ, ಸೈಟುಗಳ ಹೊಂದಿಕೆ ಕೆಡದಂತೆ, ಒಟ್ಟಾರೆ 1 ಮಿ.ಮೀ. ತೂಗಾಡಿದರೆ ಗುಂಡು ತಪ್ಪುವುದು ಸುಮಾರು 4 ಸೆಂ.ಮೀ. ಮಾತ್ರ. ತರಬೇತುದಾರರು ಗುರಿಹಲಗೆ ಮಸುಕಾದರೂ ಸರಿ, ಮುಂದಿನ ಸೈಟಿನಿಂದ ಕಣ್ಣು ಕದಲಬಾರದು ಎಂದು ಪಟ್ಟು ಹಿಡಿಯುವುದು ಇದಕ್ಕೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಟ್ರಿಗರ್ ಒತ್ತುವಾಗ ಪಿಸ್ತೂಲು ಇಂತಿಷ್ಟು ಕೋನ ತಿರುಗಿತು ಎಂದರೆ, ಅದು ಗಿಡ್ಡದ್ದಾಗಲಿ ಉದ್ದದ್ದಾಗಲಿ, ಗುಂಡು ತಪ್ಪುವುದು ಅಷ್ಟೇ. ಉದ್ದನೆಯ ಸೈಟ್ ರೇಡಿಯಸ್ ಕೈಯ ತಪ್ಪನ್ನು ತಿದ್ದುವುದಿಲ್ಲ, ಅದನ್ನು ಕಣ್ಣಿಗೆ ಕಾಣುವಂತೆ ಮಾಡುತ್ತದೆ. ಮನುಷ್ಯನ ಕಣ್ಣು ಗುರುತಿಸಬಲ್ಲ ಅತಿ ಸಣ್ಣ ಕೋನ ಸುಮಾರು ಡಿಗ್ರಿಯ ಅರವತ್ತನೇ ಒಂದು ಭಾಗ. ಚಾಚಿದ ಕೈಯ ತುದಿಯಲ್ಲಿ, ಅಂದರೆ 70 ಸೆಂ.ಮೀ. ಆಚೆ, ಇದು 0.2 ಮಿ.ಮೀ.ಗೆ ಸಮ. ಇಷ್ಟು ಜರುಗು ಕಣ್ತಪ್ಪಿದರೆ 25 ಮೀಟರ್‌ನಲ್ಲಿ 137 ಮಿ.ಮೀ. ರೇಡಿಯಸ್‌ನ ಪಿಸ್ತೂಲು 36 ಮಿ.ಮೀ., 220 ಮಿ.ಮೀ.ನದು 23 ಮಿ.ಮೀ. ತಪ್ಪುತ್ತದೆ. ಆ ದೂರದ ಪ್ರಿಸಿಷನ್ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 50 ಮಿ.ಮೀ. ಮೊದಲಿನ ಗುಂಡಿನ ನಡುಬಿಂದು ಆ ವೃತ್ತದ ಹೊರಗೆ ಬೀಳುತ್ತದೆ, ಎರಡನೆಯದರದು ಒಳಗೇ ಉಳಿಯುತ್ತದೆ.

ಉದ್ದ ಹೆಚ್ಚಿದಷ್ಟೂ ಲಾಭವೇ ಎಂದೇನಿಲ್ಲ. ದೂರದ ಕಂಬ ತೆಳುವಾಗಿ ಕಾಣುತ್ತದೆ, ಸಣ್ಣ ನಡುಕವೂ ಎದ್ದು ತೋರುತ್ತದೆ. ಅದನ್ನು ಕಂಡು ಗಾಬರಿಯಾಗುವ ಹೊಸಬರು ಹೊಂದಿಕೆ ಸಿಕ್ಕ ಕ್ಷಣವನ್ನೇ ಹಿಡಿಯಲು ಹೋಗಿ ಟ್ರಿಗರ್ ಎಳೆದುಬಿಡುತ್ತಾರೆ. ಹತ್ತಿರದ ದೊಡ್ಡ ಗುರಿಗೆ ಬೇಗ ಹೊಡೆಯಬೇಕಾದಲ್ಲಿ ಗಿಡ್ಡ ಪಿಸ್ತೂಲೇ ಕೈಗೆ ಚುರುಕು. ಆದರೆ ತೀರ ಗಿಡ್ಡದ್ದರಲ್ಲಿ ಹಿಡಿಯೂ ಚಿಕ್ಕದು, ತೂಕವೂ ಕಡಿಮೆ. ಅದರ ಕಳಪೆ ಫಲಿತಾಂಶಕ್ಕೆ ಸೈಟುಗಳಷ್ಟೇ ಇವೂ ಕಾರಣ.

ಎರಡು ಆಯುಧಗಳನ್ನು ಹೋಲಿಸುವಾಗ ಅಳೆಯುವ ರೀತಿಯೂ ಬೇರೆ ಎಂಬುದು ನೆನಪಿರಬೇಕು. ಪಿಸ್ತೂಲಿನ ಬ್ಯಾರೆಲ್ ಅಳತೆಯಲ್ಲಿ ತೋಟಾ ಕೂರುವ ಭಾಗವೂ ಸೇರುತ್ತದೆ. ರಿವಾಲ್ವರ್‌ನಲ್ಲಿ ತಿರುಗುವ ಸಿಲಿಂಡರ್ ಅನ್ನು ಬಿಟ್ಟು ಅಳೆಯುತ್ತಾರೆ.

ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್ ಬ್ಯಾರೆಲ್ ಉದ್ದಕ್ಕೂ ಸೈಟ್ ರೇಡಿಯಸ್‌ಗೂ ಮಿತಿ ಹಾಕಿದೆ. 25 ಮೀಟರ್ ಸ್ಪರ್ಧೆಗಳಲ್ಲಿ ಬ್ಯಾರೆಲ್ 153 ಮಿ.ಮೀ., ಸೈಟ್ ರೇಡಿಯಸ್ 220 ಮಿ.ಮೀ. ಮೀರುವಂತಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ವಿಜಯ್ ಕುಮಾರ್ ಬೆಳ್ಳಿ ಗೆದ್ದ ರ‍್ಯಾಪಿಡ್ ಫೈರ್ ಪಿಸ್ತೂಲ್ ಈ ಗುಂಪಿನದು. 10 ಮೀಟರ್ ಏರ್ ಪಿಸ್ತೂಲು 420 ಮಿ.ಮೀ. ಉದ್ದದ ಪೆಟ್ಟಿಗೆಯಲ್ಲಿ ಹಿಡಿಸಬೇಕು. 50 ಮೀಟರ್ ಪಿಸ್ತೂಲಿಗೆ ಮಾತ್ರ ಉದ್ದದ ಕಟ್ಟುಪಾಡು ಇರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಅದು ಕೊನೆಯದಾಗಿ ನಡೆದದ್ದು 2016ರಲ್ಲಿ, ರಿಯೋದಲ್ಲಿ. ಅಲ್ಲಿ ಭಾರತದ ಪರವಾಗಿ ಜೀತು ರಾಯ್ ಅವರೊಂದಿಗೆ ಬೆಂಗಳೂರಿನ ಪ್ರಕಾಶ್ ನಂಜಪ್ಪ ಸ್ಪರ್ಧಿಸಿದ್ದರು.

ರೆಡ್ ಡಾಟ್ ಸೈಟ್ ಬಂದಲ್ಲಿ ಈ ಲೆಕ್ಕವೇ ಬದಲಾಗುತ್ತದೆ. ಅಲ್ಲಿ ಗಾಜಿನ ಮೇಲಿನ ಒಂದೇ ಚುಕ್ಕೆಯನ್ನು ಗುರಿಯ ಮೇಲಿಟ್ಟರೆ ಸಾಕು, ಎರಡು ಸೈಟುಗಳನ್ನು ಹೊಂದಿಸುವ ಪ್ರಶ್ನೆಯೇ ಇಲ್ಲ. ಐಎಸ್‌ಎಸ್‌ಎಫ್ ಪಿಸ್ತೂಲ್ ಸ್ಪರ್ಧೆಗಳಲ್ಲಿ ಇಂಥ ಸಾಧನಗಳಿಗೆ ಅವಕಾಶವಿಲ್ಲ, ತೆರೆದ ಸೈಟುಗಳನ್ನಷ್ಟೇ ಬಳಸಬೇಕು.